ತಾರಸಿ ಕೋಣೆಯಲ್ಲಿ ಮೂರು ಟಿವಿ

ಸೆಪ್ಟೆಂಬರ್ ೯, ಬುಧವಾರ

ಪ್ರೀತಿಯ ಸಣ್ಣಿ,

ಅಕ್ಕನ ಆಶೀರ್ವಾದಗಳು. 'ಇಲ್ಲಿ ಎಲ್ಲ ಕ್ಷೇಮ' ಎಂದು ಬರೆಯಲು ಪೆನ್ನು ಹಿಡಿದೆ. ಸುಳ್ಳಿನಿಂದ ಕಾಗದ ಶುರುವಾಗುವುದು ಬೇಡವೆಂದು ಬಿಟ್ಟೆ. ಜ್ವರವಿಲ್ಲ, ಕೆಮ್ಮಿಲ್ಲ, ಮೂಗಿಗೆ ವಾಸನೆ ಇನ್ನೂ ತಿಳಿಯುತ್ತದೆ. ಈ ಕಾಲದಲ್ಲಿ ಅಷ್ಟಕ್ಕೇ ಕ್ಷೇಮ ಅನ್ನುವುದಾದರೆ ನಾನು ಕ್ಷೇಮ. ಆದರೆ ಈಚೆಗೆ ನಮ್ಮ ಕಟ್ಟಡದಲ್ಲಿ ನಡೆದದ್ದರ ನಾತ ನೋಡಿದರೆ ಮೂಗು ಕೆಟ್ಟಿದ್ದರೇ ವಾಸಿಯಿತ್ತು.

ವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಹಾಲು ಉಕ್ತಾ ಇದೆ ಅಕ್ಕ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿಮ್ಮ ಮನೆಯ ಹಾಲು ನಾನು ಬಾಯಿ ತೆರೆದಾಗಲೇ ಏಕೆ ಉಕ್ಕುತ್ತದೋ ಕಾಣೆ. ಕಾಗದಕ್ಕೆ ಯಾರೂ ಅಡ್ಡಬಾಯಿ ಹಾಕಲಾರರು, ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ನಿನ್ನ ಮೆಸೇಜು ನೋಡಿದೆ. "ಯಾರೋ ಆಫೀಸಿನವರು ಫೋನ್ ಮಾಡಿ ನಿನ್ನ ಬಗ್ಗೆ ಕೇಳಿದ್ರು. ಮನೆ ಚಿಕ್ಕದು ಅಂತ ಹೇಳ್ದೆ. ನಿಂಗೇನೂ ತೊಂದ್ರೆ ಆಗ್ಲಿಲ್ಲ ತಾನೇ?" ಎಂದು ಬರೆದಿದ್ದೀಯ. ತೊಂದರೆ ಆಗಲಿಲ್ಲ ಸಣ್ಣಿ. ಅದರಿಂದಲೇ ನನ್ನ ಕೋಣೆ ಉಳಿಯಿತು. ಅದು ಹೇಗೆ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ಸಾವಧಾನದಿಂದ ಓದು.

ನನ್ನ ಕಸುಬಿನ ಗತಿ ಏನಾಗಿದೆಯೆಂದು ನೀನೇ ಊಹಿಸಬಹುದು. ಊರಿಗೆ ಊರೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುವಾಗ ಕಟ್ಟಿದ ಹಲ್ಲು ಯಾರಿಗೆ ಬೇಕು? ಒಳಗೆ ಮೂವತ್ತೆರಡಿದ್ದರೂ ಒಂದೇ, ಬರೀ ಒಸಡಿದ್ದರೂ ಒಂದೇ. ದಂತವೈದ್ಯರು ಮಾರ್ಚಿನಲ್ಲಿ ಬಾಗಿಲು ಹಾಕಿದವರು ಜುಲೈಯಲ್ಲಿ ತೆರೆದರು. ತೆರೆದರೂ ಯಾರೂ ಬಾಯಿ ತೆರೆಯಲಿಲ್ಲ. ಅವರಿಂದ ಅಚ್ಚು ಬಂದರೆ ತಾನೇ ನಾನು ಮೇಣ ಕರಗಿಸುವುದು, ಹಲ್ಲು ಜೋಡಿಸುವುದು? ಕಿಟಕಿಯ ಹಲಗೆಯ ಮೇಲೆ ಹಳೆಯ ಪ್ಲಾಸ್ಟರ್ ದವಡೆಗಳು ಸಾಲಾಗಿ ಕುಳಿತು ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಒಂದು ದಿನ ರೇಗಿ ಎಲ್ಲವನ್ನೂ ಗೋಡೆಯ ಕಡೆ ತಿರುಗಿಸಿಟ್ಟೆ.

ಬಾಡಿಗೆ ನಿಂತಿತು. ಮಾಲೀಕ ಮೊದಲು ತಲೆಯಾಡಿಸಿದ, ಆಮೇಲೆ ನಿಟ್ಟುಸಿರುಬಿಟ್ಟ, ಆಮೇಲೆ ಮೆಟ್ಟಿಲಿನ ಬಲ್ಬು ಬಿಚ್ಚಿಸಿದ. ಅದಾದ ಮೇಲೆ ತಾರಸಿಯ ನಲ್ಲಿಗೆ ಬೀಗ. ನಾನು ಕೆಳಗಿನಿಂದ ನೀರು ಹೊತ್ತು ತರುವಾಗ ಅವನು ಪಕ್ಕದ ತನ್ನ ಮನೆಯ ಬಾಗಿಲಲ್ಲಿ ನಿಂತು "ವ್ಯಾಯಾಮ ಒಳ್ಳೇದು" ಅನ್ನುತ್ತಿದ್ದ. ನಿನಗೆ ನೆನಪಿರಬಹುದು, ಅವನ ಮೇಲ್ದವಡೆಯ ಹಲ್ಲಿನ ಸೆಟ್ಟು ನಾನೇ ಮಾಡಿಕೊಟ್ಟದ್ದು. ಅವನ ನಗು ನನ್ನ ಕೈಕೆಲಸ. ನನ್ನ ಹಲ್ಲಿನಿಂದಲೇ ನನ್ನನ್ನು ಕಚ್ಚುವ ಭಾಗ್ಯ ಅವನಿಗೆ ಸಿಕ್ಕಿತು.

ಜುಲೈ ಕೊನೆಯಲ್ಲಿ ಒಂದು ದಿನ ಮೇಲೆ ಬಂದ. ಬಂದವನು ಮಾಸ್ಕು ಇಳಿಸಿ, ನನ್ನ ಕಣ್ಣೆದುರಿಗೇ ಸೆಟ್ಟನ್ನು ಬಾಯಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು, ಜೊಲ್ಲು ಹಾಗೇ ಇತ್ತು. ಊರೆಲ್ಲ ಒಬ್ಬರ ಉಸಿರಿಗೆ ಒಬ್ಬರು ಹೆದರಿ ಸಾಯುತ್ತಿರುವಾಗ ಈ ಮಹಾನುಭಾವನ ಎಂಜಲು ನನ್ನ ಕೈಯಲ್ಲಿ. ಬೊಚ್ಚು ಬಾಯಿಯಲ್ಲೇ ಹೇಳಿದ: "ಲೊಟಲೊಟ ಅಂತಿದೆ, ಸ್ವಲ್ಪ ಟೈಟ್ ಮಾಡ್ಕೊಡಿ. ಹಾಗೇ, ಬರೋ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡ್ಬೇಕು ಅಂತ ಹೇಳೋಕೂ ಬಂದೆ."

ಎರಡೂ ಮಾತು ಒಂದೇ ಉಸಿರಿಗೆ. ಅವನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾನೂ ನೋಡು ಎಂಥ ದರಿದ್ರದವಳು, ಸೆಟ್ಟನ್ನು ಕಿಟಕಿಯಿಂದಾಚೆ ಎಸೆಯುವುದು ಬಿಟ್ಟು ಬಿಸಿನೀರು ಸೋಪಿನಲ್ಲಿ ತೊಳೆದು, ಒಳಗಡೆ ಹೊಸ ಪದರ ಕೊಟ್ಟು, ಉಜ್ಜಿ, ನಯಮಾಡಿ ಕೊಟ್ಟೆ. ಎಲ್ಲೋ ಒಂದು ಕಡೆ ಕೊಂಚ ಒರಟು ಬಿಟ್ಟಿದ್ದರೆ ಅವನ ಒಸಡು ನನ್ನನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಿತ್ತು. ಕೈ ಒಪ್ಪಲಿಲ್ಲ. ಆ ದಿನ ಊಟ ಸೇರಲಿಲ್ಲ, ಎಷ್ಟು ಸಲ ಕೈ ತೊಳೆದೆನೋ ಲೆಕ್ಕವಿಲ್ಲ.

ಅಷ್ಟರಲ್ಲಿ ಬಾಡಿಗೆದಾರರ ನೆರವು ಬಂತು. ರೋಗದ ಹಾವಳಿಯಲ್ಲಿ ಕೆಲಸ ಹೋದವರಿಗೆ ಮೂರು ತಿಂಗಳ ಬಾಡಿಗೆ ಸರ್ಕಾರವೇ ಕಟ್ಟುತ್ತದಂತೆ, ಅಷ್ಟು ದಿನ ಯಾರನ್ನೂ ಮನೆಯಿಂದ ಎಬ್ಬಿಸುವ ಹಾಗಿಲ್ಲವಂತೆ. ಕೇಳಿ ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು. ಯಾರೋ ಎಲ್ಲೋ ಕುಳಿತು ನಮ್ಮಂಥವರನ್ನೂ ನೆನೆದರಲ್ಲ ಎಂದು. ದುಡ್ಡು ನೇರವಾಗಿ ಮಾಲೀಕನ ಖಾತೆಗೇ ಹೋಗುತ್ತದೆ ಎಂದು ಗೊತ್ತಾದ ಮಧ್ಯಾಹ್ನವೇ ಮೆಟ್ಟಿಲಿಗೆ ಬಲ್ಬು ಬಂತು, ನಲ್ಲಿಯ ಬೀಗ ಬಿಚ್ಚಿತು. 'ಏನ್ರೀ' ಹೋಗಿ 'ಅಮ್ಮಾ' ಆಯಿತು. ಒಂದೇ ಷರತ್ತು: ಅಧಿಕಾರಿ ಮನೆಗೆ ಬಂದು ನೋಡಿ, ಇವರು ನಿಜವಾಗಿಯೂ ಕಷ್ಟದಲ್ಲಿದ್ದಾರೆ ಎಂದು ಬರೆದುಕೊಂಡು ಹೋಗಬೇಕು.

ಮಾಲೀಕ ನಮ್ಮನ್ನೆಲ್ಲ ಅಂಗಳದಲ್ಲಿ ದೂರದೂರ ನಿಲ್ಲಿಸಿ ಪಾಠ ಮಾಡಿದ. "ತಲೆ ಬಾಚ್ಬೇಡಿ. ಇಸ್ತ್ರಿ ಬಟ್ಟೆ ಹಾಕ್ಬೇಡಿ. ಒಲೆ ಮೇಲೆ ಏನೂ ಇಡ್ಬೇಡಿ, ವಾಸನೆ ಬರ್ಬಾರ್ದು. ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡ್ಬೇಡಿ, ಸ್ವಲ್ಪ ಗಂಟ್ಲು ಕಟ್ಟಿದ ಹಾಗೆ ಮಾಡಿ." ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು. ನಮ್ಮ ಬಡತನ ಅವನದೇ ಬೆಳೆ, ಕೊಯ್ಲಿಗೆ ಬಂದಿದೆ ಅನ್ನುವ ಸಂಭ್ರಮ. ನಾವೂ ಕುರಿಗಳ ಹಾಗೆ ತಲೆಯಾಡಿಸಿದೆವು.

ನನಗೆ ಬಾಚದೆ ಇರುವಷ್ಟು ಕೂದಲೂ ಉಳಿದಿಲ್ಲ, ಬಿಡು. ಚಿಂತೆ ಹತ್ತಿದ್ದು ಉಳಿದ ಮೂರು ಮನೆಯವರಿಗೆ. ನನ್ನ ಕೆಳಗಿನ ಮನೆಯಲ್ಲಿ ಜಿಮ್ಮಿನವನು. ಕಲ್ಲಿನಂಥ ಮೈ, ಹೂವಿನಂಥ ಮನಸ್ಸು ಎಂದುಕೊಂಡಿದ್ದೆ. ಅವನ ಜಿಮ್ಮು ಮುಚ್ಚಿ ಆರು ತಿಂಗಳಾಗಿತ್ತು, ಓಡುವ ಯಂತ್ರವೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದ. ಅದರ ಕೆಳಗೆ ಟ್ಯೂಷನ್ ಟೀಚರಮ್ಮ, ದೊಡ್ಡ ಟಿವಿ, ಅದಕ್ಕಿಂತ ದೊಡ್ಡ ಮೀನಿನ ತೊಟ್ಟಿ. ನೆಲಮಹಡಿಯಲ್ಲಿ ಟ್ಯಾಕ್ಸಿಯವನೂ ಅವನ ಹೆಂಡತಿಯೂ. ಮೂವರ ಮನೆಯಲ್ಲೂ ನಿಜವಾದ ಕಷ್ಟವೇ. ಟ್ಯಾಕ್ಸಿಯವನ ಹೆಂಡತಿ ಹಾಲಿಗೆ ನೀರು ಬೆರೆಸುವುದು ಹೋಗಿ ನೀರಿಗೆ ಹಾಲು ಬೆರೆಸುತ್ತಿದ್ದದ್ದು ನಾನೇ ಕಂಡಿದ್ದೇನೆ. ಆದರೆ ಟಿವಿ ಇದ್ದವನಿಗೆ ಹಸಿವಾಗುವುದಿಲ್ಲ ಎಂದು ಅದ್ಯಾವ ಪುಣ್ಯಾತ್ಮ ನಿಯಮ ಬರೆದನೋ! ಸುಖದ ಕಾಲದಲ್ಲಿ ಕೊಂಡ ಸಾಮಾನು ಕಷ್ಟ ಬಂದ ದಿನ ತಾನಾಗಿ ಕರಗಿ ಹೋಗಬೇಕೇನು?

ಉಪಾಯ ಟೀಚರಮ್ಮನದು. ಮೊದಲ ದಿನ ಕೆಳಗಿನ ಮೂರು ಮನೆ, ಮಾರನೆಯ ದಿನ ನನ್ನ ತಾರಸಿ ಕೋಣೆ ಎಂದು ಆಫೀಸಿನಿಂದ ಹೇಳಿ ಕಳಿಸಿದ್ದರು. ಅವಳು ಮೇಲೆ ಬಂದು ಬಾಗಿಲಲ್ಲಿ ನಿಂತಳು.

"ನಿಮ್ಮ ಕೋಣೇಲಿ ಹೇಗೂ ಏನೂ ಇಲ್ವಲ್ಲಾ," ಎಂದಳು. "ತಪ್ಪು ತಿಳ್ಕೋಬೇಡಿ, ಹಾಗಂತ ಅಲ್ಲ. ನಾಳೆ ಒಂದು ದಿನದ ಮಟ್ಟಿಗೆ ನಮ್ಮ ನಾಲ್ಕು ಸಾಮಾನು ಇಲ್ಲಿಟ್ಕೊಳ್ಳಿ. ನಾಡಿದ್ದು ನಿಮ್ಮ ಸರದಿ ಬರೋ ಹೊತ್ತಿಗೆ ನಮ್ಮದು ಮುಗಿದಿರುತ್ತೆ, ಎಲ್ಲಾ ಇಳಿಸ್ಕೊಂಡ್ಬಿಡ್ತೀವಿ."

"ಮೀನೂನಾ?" ಎಂದೆ.

"ಮೀನು ನೋಡಿದ್ರೆ ಶ್ರೀಮಂತರು ಅಂದ್ಕೊಳ್ತಾರೆ ಕಣ್ರೀ."

ಒಪ್ಪಿಕೊಂಡೆ. ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗದಿದ್ದರೆ ಹೇಗೆ ಎನ್ನುವುದು ನನ್ನ ಹಳೆಯ ರೋಗ. ಬೆಳಗ್ಗೆ ಆರರಿಂದ ಮೆರವಣಿಗೆ ಶುರು. ಮೂರು ಟಿವಿ, ಎರಡು ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಉಯ್ಯಾಲೆ ಕುರ್ಚಿ, ಸೋಫಾ, ಮೀನಿನ ತೊಟ್ಟಿ. ಜಿಮ್ಮಿನವನು ಓಡುವ ಯಂತ್ರವನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ತಂದ. ಈ ಕೋಣೆಯ ಅಳತೆ ನಿನಗೆ ಬಾಯಿಪಾಠವಲ್ಲವೇ. "ನಾಲ್ಕು ದಿನ ಇರ್ತೀನಿ ಅಕ್ಕ" ಎಂದು ಪಾಪುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಎರಡು ವರ್ಷ ಇಲ್ಲಿಯೇ ಇದ್ದೆಯಲ್ಲ. ನಾವು ಮೂರು ಜನ ಮಲಗಿದರೆ ಬಾಗಿಲು ತೆರೆಯಲು ಒಬ್ಬರು ಏಳಬೇಕಿತ್ತು. ಅಂಥ ಕೋಣೆಯೊಳಗೆ ಇಷ್ಟೂ ತುಂಬಿ, ನನಗೆ ನಿಲ್ಲಲು ಓಡುವ ಯಂತ್ರದ ಪಟ್ಟಿಯೊಂದೇ ಉಳಿಯಿತು. ಅದರ ಮೇಲೆ ಕುಳಿತು ಮೀನು ನೋಡುತ್ತಿದ್ದೆ.

ಹತ್ತೂವರೆಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅಧಿಕಾರಿ. ದಪ್ಪ ಕನ್ನಡಕದ, ನನ್ನ ವಯಸ್ಸಿನ ಹೆಂಗಸು. ಅವಳಿಗೆ ಮೊಣಕಾಲು ನೋವಂತೆ. ಕೆಳಗೆ ನಿಂತು ಲೆಕ್ಕ ಹಾಕಿದ್ದಾಳೆ: ಇವತ್ತೊಂದು ಸಲ, ನಾಳೆ ಇನ್ನೊಂದು ಸಲ ಇಷ್ಟು ಮೆಟ್ಟಿಲು ಯಾರು ಹತ್ತುತ್ತಾರೆ, ಒಂದೇ ಸಲ ತುದಿಗೆ ಹತ್ತಿಬಿಟ್ಟು ಇಳಿಯುತ್ತಾ ಎಲ್ಲವನ್ನೂ ಮುಗಿಸೋಣ ಎಂದು. ಕೆಳಗಿನವರು ತಮ್ಮ ಖಾಲಿ ಗೋಡೆಗಳ ನಡುವೆ ತಲೆ ಕೆದರಿಕೊಂಡು ಸಿದ್ಧರಾಗಿ ಕಾಯುತ್ತಿದ್ದರೆ ಮೊಣಕಾಲಮ್ಮ ಅವರನ್ನೆಲ್ಲ ದಾಟಿ ಮೊದಲು ನನ್ನ ಬಾಗಿಲು ತಟ್ಟಿದಳು.

ನಾನು ಬಾಗಿಲು ತೆರೆದೆ. ಪೂರ್ತಿ ತೆರೆಯಲಿಲ್ಲ, ಫ್ರಿಜ್ಜು ಅಡ್ಡ ಇತ್ತು.

ಅವಳು ತಲೆ ಒಳಗೆ ತೂರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಒಬ್ರೇ ಇರೋದಾ?"

"ಹೌದು."

"ಮೂರು ಟಿವಿ?"

ನಾನು ಏನು ಹೇಳಲಿ ಸಣ್ಣಿ? ಇದು ಅವರದು ಎಂದರೆ ಮೂರು ಮನೆಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಗಂಟಲು ಕಟ್ಟಿದ ಹಾಗೆ ಮಾಡಿ ಎಂದು ಮಾಲೀಕ ಹೇಳಿಕೊಟ್ಟಿದ್ದನಲ್ಲ, ಮಾಡುವ ಕಷ್ಟವೇ ಬರಲಿಲ್ಲ, ತಾನಾಗಿ ಕಟ್ಟಿತು.

"ಒಂದು ಸರಿಯಾಗಿ ಕಾಣಲ್ಲ," ಎಂದೆ.

"ಇದರ ಮೇಲೆ ಯಾರು ಓಡೋದು?"

"ನಾನೇ."

"ಮೀನಿಗೆ ದಿನಾ ಏನು ಹಾಕ್ತೀರ?"

ಅದು ನನಗೆ ಗೊತ್ತಿರಲಿಲ್ಲ. "ಇದ್ದದ್ದು," ಎಂದೆ. ಅವಳು 'ನೆರವಿನ ಅಗತ್ಯ ಕಂಡುಬರಲಿಲ್ಲ' ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದಳು. ನಿಧಾನವಾಗಿ ಕಂಬಿ ಹಿಡಿದು ಇಳಿದಳು. ಕೆಳಗಿನ ಮೂರೂ ಮನೆ ನೋಡಿದಳು, ಬರಿಯ ನೆಲ, ಬರಿಯ ಗೋಡೆ, ಕೆದರಿದ ತಲೆ. ಮೂವರದೂ ಪಾಸು.

ಸಾಯಂಕಾಲ ಮೆರವಣಿಗೆ ತಿರುಗಿ ಹೊರಟಿತು. ಈ ಸಲ ಎಲ್ಲರೂ ಚುರುಕಾಗಿದ್ದರು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳಿದೆ. ನಿಮ್ಮಲ್ಲಿ ಯಾರಾದರೂ ಒಬ್ಬರು ಆಫೀಸಿಗೆ ಬಂದು ಅದು ನಮ್ಮ ಸಾಮಾನು ಅಂತ ಒಂದು ಮಾತು ಹೇಳಿ ಎಂದು. ಟ್ಯಾಕ್ಸಿಯವನು ಹೆಂಡತಿಯನ್ನು ನೋಡಿದ. ಹೆಂಡತಿ ಟಿವಿಯನ್ನು ನೋಡಿದಳು. ಜಿಮ್ಮಿನವನು ಯಂತ್ರವನ್ನು ಬೆನ್ನಿಗೇರಿಸಿಕೊಂಡು, ಮುಖ ಕಾಣದ ಹಾಗೆ ಬಗ್ಗಿ ಇಳಿದುಹೋದ. ಅಷ್ಟು ಭಾರ ಹೊರುವವನಿಗೆ ಒಂದು ಮಾತಿನ ಭಾರ ಹೊರಲಾಗಲಿಲ್ಲ.

ಟೀಚರಮ್ಮ ಮಾತ್ರ ನಿಂತು ಉತ್ತರ ಕೊಟ್ಟಳು. "ಯೋಚ್ನೆ ಮಾಡಿ. ಹೇಳಿದ್ರೆ ನಮಗೂ ಹೋಗುತ್ತೆ, ನಿಮಗೂ ಬರಲ್ಲ, ಮೋಸ ಅಂತ ಎಲ್ಲಾರ್ದೂ ರದ್ದು ಮಾಡ್ತಾರೆ. ನಾಲ್ಕು ಜನ ಮುಳುಗೋದಕ್ಕಿಂತ ಒಬ್ರು ಮುಳುಗೋದು ವಾಸಿ ಅಲ್ವಾ?" ಲೆಕ್ಕದ ಟೀಚರು, ಲೆಕ್ಕ ಸರಿಯಾಗಿಯೇ ಇತ್ತು. ಹೋಗುವಾಗ ತೊಟ್ಟಿಗೆ ಬಗ್ಗಿ ನೋಡಿ, "ಅಯ್ಯೋ, ಮೀನಿಗೆ ಅನ್ನ ಹಾಕಿದ್ರಾ? ನೀರು ಕೆಡುತ್ತೆ ಕಣ್ರೀ," ಎಂದು ಗದರಿದಳು. ನನ್ನ ಪಾಲಿನ ಅನ್ನದಲ್ಲಿ ಒಂದು ಹಿಡಿ ಹಾಕಿದ್ದೆ, ಪಾಪ ಎಂದು.

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಕೂಗಾಡಿ ಹಗುರಾಗುತ್ತಿದ್ದೆ. ಹೇಸಿಗೆಯಾಯಿತು. ಮೆಟ್ಟಿಲು ಇಳಿಯುವಾಗ ಕಂಬಿ ಮುಟ್ಟಲು ಹೇಸಿಗೆ, ಅವರೆಲ್ಲ ಮುಟ್ಟಿದ್ದಾರೆಂದು. ರೋಗದ ಭಯಕ್ಕಲ್ಲ. ಮಾಲೀಕ ರಾತ್ರಿಯೊಳಗೆ ಬಲ್ಬು ಬಿಚ್ಚಿಸಿದ, ಬೆಳಗ್ಗೆ ನಲ್ಲಿಗೆ ಬೀಗ ಹಾಕಿಸಿದ, ಪುನಃ 'ಏನ್ರೀ' ಶುರುಮಾಡಿದ. "ಏನ್ರೀ, ಇಷ್ಟು ಹೇಳ್ಕೊಟ್ರೂ ಬಡವರ ಹಾಗೆ ಇರೋಕೂ ಬರಲ್ವಲ್ರೀ ನಿಮಗೆ!" ತಿಂಗಳ ಕೊನೆಯ ಗಡುವು ಹಾಗೇ ನಿಂತಿತು.

ಬೀದಿಗೆ ಬೀಳುವುದು ಎಂದರೆ ಏನು ಅನ್ನುವುದು ಆ ದಿನಗಳಲ್ಲಿ ಗೊತ್ತಾಯಿತು. ಯಾರೂ ಯಾರನ್ನೂ ಒಳಗೆ ಬಿಟ್ಟುಕೊಳ್ಳದ ಕಾಲ. ಬಾಡಿಗೆಗೆ ಕೋಣೆ ಕೇಳಲು ಹೋದರೆ ಬಾಗಿಲ ಸಂದಿಯಿಂದಲೇ ಕೈ ಅಲ್ಲಾಡಿಸುತ್ತಿದ್ದರು. ನನ್ನ ಹಲ್ಲು ಕಟ್ಟುವ ಮೇಜು, ಉಜ್ಜುವ ಯಂತ್ರ, ಪ್ಲಾಸ್ಟರಿನ ಚೀಲ ಇವನ್ನೆಲ್ಲ ಎಲ್ಲಿ ಇಡುವುದು? ಕಸುಬು ಹೋದರೆ ನಾನು ಉಳಿದು ಯಾವ ಗಂಟು ಕಟ್ಟಬೇಕು? ನಿನಗೆ ಹೇಳೋಣವೆಂದು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಹಾಲು ಉಕ್ಕಿತು.

ಕೊನೆಗೆ ನೆರವಿನ ಆಫೀಸಿಗೇ ಹೋದೆ. ಯಾವುದೋ ಶಾಲೆಯನ್ನು ಆಫೀಸು ಮಾಡಿದ್ದಾರೆ. ಅಂಗಳದ ತುಂಬ ಸುಣ್ಣದಲ್ಲಿ ವೃತ್ತ ಬರೆದು, ಒಂದೊಂದು ವೃತ್ತದೊಳಗೆ ಒಬ್ಬೊಬ್ಬರನ್ನು ನಿಲ್ಲಿಸಿದ್ದರು. ಮುಂದಿನವರು ಹೋದರೆ ನಾವು ಒಂದು ವೃತ್ತ ಮುಂದಕ್ಕೆ ಕುಪ್ಪಳಿಸಬೇಕು. ತಲೆ ನರೆತವರೆಲ್ಲ ಮಕ್ಕಳಾಟ ಆಡುತ್ತಿದ್ದೆವು, ಯಾರೂ ನಗುತ್ತಿರಲಿಲ್ಲ. ಮೇಜಿನ ಹಿಂದೆ ಮೊಣಕಾಲಮ್ಮ ಕುಳಿತಿದ್ದಳು. ಕಾಲನ್ನು ಮಕ್ಕಳ ಬೆಂಚಿನ ಮೇಲೆ ನೀಡಿಕೊಂಡಿದ್ದಳು.

"ಓ, ಓಡೋ ಯಂತ್ರದಮ್ಮ," ಎಂದಳು.

ಅವಳು ಸ್ವಲ್ಪ ಮುಂದೆ ಬಾಗಿ, ದನಿ ತಗ್ಗಿಸಿ ಹೇಳಿದಳು: "ಒಂದೇ ಕೋಣೇಲಿ ಮೂರು ಟಿವಿ ಇಟ್ಕೊಂಡು ಯಾರಮ್ಮ ನೋಡ್ತಾರೆ? ನನಗೇನು ಕಣ್ಣಿಲ್ವಾ? ಕೆಳಗಿನ ಮನೆ ಗೋಡೇಲಿ ಟಿವಿ ಆಕಾರಕ್ಕೆ ಸುಣ್ಣ ಬೆಳ್ಳಗಿತ್ತು."

"ಗೊತ್ತಿತ್ತಾ ನಿಮಗೆ?"

"ಗೊತ್ತಿರೋದನ್ನ ಬರೆಯೋಕೆ ನಮಗೆ ಜಾಗ ಕೊಟ್ಟಿಲ್ಲ. ಕಂಡಿದ್ದನ್ನ ಬರೀಬೇಕು. ನಿಮ್ಮ ಕೋಣೇಲಿ ಕಂಡಿದ್ದು ಮೂರು ಟಿವಿ."

ಅವಳ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗುಳು ನುಂಗಿದೆ. ಉಗಿದರೆ ಈಗ ದಂಡ ಬೇರೆ ಇದೆ. ಆದರೆ ಅವಳಲ್ಲೂ ಒಂದು ಕರುಳು ಎಲ್ಲೋ ಮಿಸುಕಾಡಿರಬೇಕು. ಇನ್ನೊಂದು ದಾರಿ ಇದೆ ಎಂದಳು. ಬಾಡಿಗೆದಾರರ ಹತ್ತಿರದ ಸಂಬಂಧಿಕರನ್ನು ಕೇಳುವುದು, ಇವರನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು. ಅವರು ಆಗುವುದಿಲ್ಲ ಎಂದರೆ ಇವರಿಗೆ ಬೇರೆ ಗತಿಯಿಲ್ಲ ಎಂದು ಲೆಕ್ಕ, ಆಗ ಮನೆಯಲ್ಲಿ ಮೂರಲ್ಲ, ಮೂವತ್ತು ಟಿವಿ ಇದ್ದರೂ ನೆರವು ಸಿಗುತ್ತದೆ. ಬರಲಿ ಎಂದುಬಿಟ್ಟರೆ ಅರ್ಜಿ ಅಲ್ಲಿಗೇ ಮುಗಿಯಿತು, ಕೋಣೆ ಖಾಲಿ ಮಾಡಿ ಅವರ ಮನೆಗೆ ಹೋಗಬೇಕು. ಮೊದಲೇ ಫೋನ್ ಮಾಡಿ ಹೇಳಿಕೊಡುವ ಹಾಗಿಲ್ಲ. ಅವಳೇ, ಅಲ್ಲಿಯೇ, ಆಗಲೇ ಮಾಡಬೇಕು.

"ಯಾರಿದ್ದಾರೆ ನಿಮಗೆ?" ಎಂದಳು.

"ತಂಗಿ," ಎಂದೆ.

ನಿನ್ನ ನಂಬರು ಹೇಳಿ ನನ್ನ ವೃತ್ತಕ್ಕೆ ಹಿಂದೆ ಸರಿದೆ. ನಿನಗೆ ಇದೇನೂ ಗೊತ್ತಿಲ್ಲ. ಯಾರೋ ಫೋನ್ ಮಾಡಿ ಅಕ್ಕನಿಗೆ ಮನೆ ಇಲ್ಲ ಅನ್ನುತ್ತಾರೆ, ನೀನು ಅಯ್ಯೋ ಎಂದು ಗಾಬರಿಯಾಗಿ, ಕಳಿಸಿ ಕಳಿಸಿ, ಈಗಲೇ ಕಳಿಸಿ ಎಂದುಬಿಟ್ಟರೆ? ನನ್ನ ಮೇಜು, ನನ್ನ ಕಸುಬು, ಇಷ್ಟು ವರ್ಷದ ನನ್ನ ನಾಲ್ಕು ಗೋಡೆ ಎಲ್ಲ ಹೋಯಿತು. ಸುಣ್ಣದ ವೃತ್ತದೊಳಗೆ ಕಣ್ಣು ಮುಚ್ಚಿ ನಿಂತು, ನನ್ನ ಒಡಹುಟ್ಟಿದವಳು ನನ್ನನ್ನು ಬೇಡ ಅನ್ನಲಿ ದೇವರೇ ಎಂದು ಬೇಡಿಕೊಂಡೆ. ಇಂಥ ಪ್ರಾರ್ಥನೆಯನ್ನು ಮನುಷ್ಯರ ಬಾಯಲ್ಲಿ ಹೇಳಿಸುವ ನೆರವನ್ನು ಯಾವ ತಲೆ ಹುಟ್ಟಿಸಿತೋ, ಆ ತಲೆಗೆ ಇಷ್ಟು ಬೆಂಕಿ ಬೀಳಲಿ.

ನೀನು ಆಗುವುದಿಲ್ಲ ಎಂದೆ. ಕೋಣೆ ಉಳಿಯಿತು. ಅವಳು ಸೀಲು ಒತ್ತಿದಳು.

ಈಗ ಮೂರು ತಿಂಗಳು ನನ್ನನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ. ಮಾಲೀಕ ಬಲ್ಬನ್ನು ತಾನೇ ಕುರ್ಚಿ ಹತ್ತಿ ಹಾಕಿದ. "ಅಮ್ಮಾ, ಕೆಳದವಡೆದೂ ಒಂದು ಮಾಡ್ಕೊಡ್ತೀರಾ?" ಎಂದ. ಮೂರು ತಿಂಗಳು ಕಳೆಯಲಿ ಎಂದೆ. ಜಿಮ್ಮಿನವನು ಒಂದು ದಿನ ನಾನು ಕೇಳದೆಯೇ ನನ್ನ ನೀರಿನ ಕೊಡ ಹೊತ್ತು ತಂದು ಬಾಗಿಲಲ್ಲಿಟ್ಟು ಓಡಿಹೋದ. ಆ ನೀರನ್ನು ಕುಡಿಯಲೋ ಚೆಲ್ಲಲೋ ತಿಳಿಯದೆ ಸಂಜೆಯವರೆಗೂ ಹಾಗೇ ಇಟ್ಟಿದ್ದೆ. ಕೊನೆಗೆ ನೆಲ ಒರೆಸಿದೆ. ಟೀಚರಮ್ಮ ಎದುರು ಸಿಕ್ಕಾಗ "ಅಂತೂ ನಾಲ್ಕೂ ಜನಕ್ಕೆ ಆಯ್ತಲ್ಲಾ, ದೇವರು ದೊಡ್ಡವನು" ಅನ್ನುತ್ತಾಳೆ. ದೇವರು ದೊಡ್ಡವನಿರಬಹುದು, ನಾವು ಇಷ್ಟು ಚಿಕ್ಕವರಾಗಬಾರದಿತ್ತು.

ದಂತವೈದ್ಯರೊಬ್ಬರು ಮೊನ್ನೆ ಎರಡು ಅಚ್ಚು ಕಳಿಸಿದ್ದಾರೆ. ಒಂದು, ಯಾರೋ ಮುದುಕಿಯದು, ಬಹಳ ಸಣ್ಣ ಬಾಯಿ. ನಾಳೆಯಿಂದ ಮೇಣ ಕರಗಿಸಬೇಕು. ಕೈಗೆ ಕೆಲಸ ಬಂದರೆ ಮನಸ್ಸಿನ ವಾಕರಿಕೆ ಇಳಿಯುತ್ತದೆ ಎಂದುಕೊಂಡಿದ್ದೇನೆ.

ಪಾಪುವಿನ ಮುಂದಿನ ಹಲ್ಲು ಬಿದ್ದ ಫೋಟೋ ಕಳಿಸಿದ್ದೆಯಲ್ಲ, ನೋಡಿ ನಕ್ಕೆ. ಹೊಸದು ಮೊಳೆಯುವಾಗ ನಾಲಿಗೆಯಿಂದ ತಳ್ಳಬಾರದು ಎಂದು ಹೇಳು, ವಕ್ರವಾಗುತ್ತದೆ. ನಿಮ್ಮ ಯಜಮಾನರ ಸಕ್ಕರೆ ಕಾಯಿಲೆ ಹದದಲ್ಲಿದೆಯೇ? ಹೊರಗೆ ತಿರುಗಾಡದಿರಲು ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಎಲ್ಲರಿಗೂ ಬಡಿಸಿ ತಳ ಕೆರೆದು ತಿನ್ನುವ ಅಭ್ಯಾಸ ಬಿಡು. ನಿನ್ನ ಮನೆ ತುಂಬಿರಲಿ, ಪಾಪು ನೂರು ವರ್ಷ ಬಾಳಲಿ, ಯಾವ ಕಾಲಕ್ಕೂ ನೀನು ಯಾರ ಅಂಗಳದಲ್ಲೂ ವೃತ್ತದೊಳಗೆ ನಿಲ್ಲುವ ಹಾಗಾಗದಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ನಾನು ನಾಲ್ಕು ಹೆಜ್ಜೆ ದೂರದ ವೃತ್ತದಲ್ಲಿ ನಿಂತಿದ್ದೆನಲ್ಲ, ನನಗೂ ಕೇಳಿಸಬೇಕು ಎಂಬ ನಿಯಮವಂತೆ, ಅವಳು ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಮನೆ ಚಿಕ್ಕದು ಎಂದು ನೀನು ಹೇಳಲಿಲ್ಲ. "ಜಾಗ ಇದೆ ಮೇಡಂ, ಮೇಲೆ ಒಂದು ರೂಮು ಖಾಲಿನೇ ಇದೆ. ಜಾಗದ ಮಾತಲ್ಲ. ಅವಳು ಒಂದ್ಸಲ ಬಂದ್ರೆ ಹೋಗೋಳಲ್ಲ. ಬೇಡ ಅಂತ ಬರ್ಕೊಳ್ಳಿ," ಎಂದೆ. ಯೋಚಿಸಲು ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ.

ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. ಮೊಣಕಾಲಮ್ಮ ತಲೆ ಎತ್ತದೆ ಸೀಲು ಹುಡುಕುತ್ತಿದ್ದಳು. ನನಗೆ ಬೇಕಾಗಿದ್ದದ್ದೂ ಆ ಮಾತೇ, ಅದಕ್ಕೇ ಅಲ್ಲವೇ ನಾನು ಪ್ರಾರ್ಥಿಸಿದ್ದು. ನನ್ನ ಪಕ್ಕದ ವೃತ್ತದಲ್ಲಿ ಮದುವೆಗಳಲ್ಲಿ ಕಹಳೆ ಊದುವವನೊಬ್ಬ ಕುಕ್ಕರುಗಾಲಲ್ಲಿ ಕುಳಿತು ಅಳುತ್ತಿದ್ದ. ನನಗಿಂತ ಮುಂಚೆ ಅವನ ಸರದಿ ಆಗಿತ್ತು. ಅವನ ಅಣ್ಣ, ಒಂದೇ ಕೋಣೆಯಲ್ಲಿ ಆರು ಜನ ಇರುವವನು, ಪೂರ್ತಿ ಕೇಳಿಸಿಕೊಳ್ಳದೆ "ಅಯ್ಯೋ, ಬರ್ಲಿ, ಇವತ್ತೇ ಕಳಿಸಿ" ಎಂದುಬಿಟ್ಟಿದ್ದ. ಅರ್ಜಿ ರದ್ದಾಗಿತ್ತು. ಅವನು ಕಣ್ಣೊರೆಸಿಕೊಂಡು ನನ್ನನ್ನು ನೋಡಿ, "ನಿಮ್ಮ ತಂಗಿ ಪುಣ್ಯಾತ್ಗಿತ್ತಿ ಕಣಮ್ಮ, ನಿಮ್ಮನ್ನ ಉಳಿಸಿದ್ಳು. ನಮ್ಮಣ್ಣ ನೋಡಿ, ಹಾಳಾದೋನು, ಬಾ ಅಂದ್ಬಿಟ್ಟ," ಎಂದ. ನಾನು ಹೌದು ಎಂದೆ. ಸೀಲು ಒತ್ತಿದ ಕಾಗದ ನನ್ನ ಕೈಯಲ್ಲಿತ್ತು, ಆದರೂ ಅವನನ್ನು ನೋಡಿ ಹೊಟ್ಟೆಕಿಚ್ಚಾಯಿತು ಸಣ್ಣಿ.